ಮರಳು ಒಕ್ಕಲಾದ ಊರು

ಆಫ್ರಿಕಾದ ನೈಋತ್ಯ ತೀರದಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಅಂಟಿಕೊಂಡಂತೆ ನಮೀಬ್ ಮರುಭೂಮಿ ಹಬ್ಬಿದೆ. ನಮೀಬಿಯಾ ದೇಶದ ಲೂಡೆರಿಟ್ಜ್ ಬಂದರಿನಿಂದ ಸುಮಾರು 10 ಕಿಲೋಮೀಟರ್ ಒಳಕ್ಕೆ ಹೋದರೆ ಕೋಲ್ಮನ್ಸ್‌ಕಾಪ್ ಎಂಬ ಊರು ಸಿಗುತ್ತದೆ. ಸಾಲು ಮನೆಗಳಿವೆ, ಆಸ್ಪತ್ರೆಯಿದೆ, ಶಾಲೆಯೂ ಇದೆ. ವಾಸವಿರುವವರು ಮಾತ್ರ ಒಬ್ಬರೂ ಇಲ್ಲ. ನಡುಮನೆಗಳಲ್ಲಿ ಸೊಂಟದೆತ್ತರಕ್ಕೆ ಮರಳು ಕುಳಿತಿದೆ.

1908ರಲ್ಲಿ ಇಲ್ಲಿ ರೈಲುಹಳಿಯ ಮೇಲಿನ ಮರಳನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದ ಝಕರಿಯಾಸ್ ಲೆವಾಲಾ ಎಂಬ ಕೂಲಿಯಾಳಿಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ನಿಗೆ ಕೊಟ್ಟ. ಅದು ವಜ್ರ! ಸ್ಟೌಖ್ ಸಿರಿವಂತನಾದ, ಲೆವಾಲಾನ ಹೆಸರು ಕಥೆಯಲ್ಲಿ ಉಳಿಯಿತು, ಅಷ್ಟೆ. ಆಗ ಆ ನಾಡು ಜರ್ಮನರ ವಸಾಹತು. ನೋಡನೋಡುತ್ತ ನಾಟಕಶಾಲೆ, ಮಂಜುಗಡ್ಡೆ ಕಾರ್ಖಾನೆ ಎಲ್ಲ ಎದ್ದವು. ಕುಡಿಯುವ ನೀರು ಸಾವಿರ ಕಿಲೋಮೀಟರ್ ಆಚೆಯ ಕೇಪ್‌ಟೌನ್‌ನಿಂದ ಹಡಗಿನಲ್ಲಿ ಬರುತ್ತಿತ್ತು. ಆಸ್ಪತ್ರೆಗೆ ಎಕ್ಸ್‌ರೇ ಯಂತ್ರವೂ ಬಂತು. ಮುರಿದ ಮೂಳೆ ನೋಡುವುದಕ್ಕಷ್ಟೇ ಅಲ್ಲ, ಕೂಲಿಗಳು ವಜ್ರ ನುಂಗಿದ್ದಾರೆಯೇ ಎಂದು ಹುಡುಕುವುದಕ್ಕೂ!

1928ರಲ್ಲಿ ದಕ್ಷಿಣಕ್ಕೆ, ಆರೆಂಜ್ ನದಿಯ ಬಳಿ ಇನ್ನೂ ದೊಡ್ಡ ನಿಕ್ಷೇಪ ಸಿಕ್ಕಿದ್ದೇ ತಡ, ಜನ ಅತ್ತ ಹೊರಟರು. 1956ರ ಹೊತ್ತಿಗೆ ಊರು ಬರಿದಾಯಿತು. ಗುಡಿಸುವವರಿಲ್ಲದ ಮನೆಗೆ ಗಾಳಿ ಮರಳನ್ನು ಕರೆತಂದಿತು. ಮಳೆ ತೀರ ಕಡಿಮೆಯಾದ್ದರಿಂದ ಮರ ಬೇಗ ಕೊಳೆಯಲಿಲ್ಲ. ಗೋಡೆಯ ಬಣ್ಣ ಇಂದಿಗೂ ಕಾಣುತ್ತದೆ. 1980ರಲ್ಲಿ ಕೆಲವು ಕಟ್ಟಡಗಳನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದರು.

ಈಗೊಂದು ಊಹೆ. ಇಂಥ ಸಂಗ್ರಹಾಲಯದ ಮಾಡಿನ ಮೇಲೆ ಸೌರಫಲಕಗಳಿವೆ, ಒಂದು ದಿನ ಮನುಷ್ಯರೆಲ್ಲ ಮಾಯವಾದರು ಎನ್ನಿ. ಬಿಸಿಲಿಗೇನೂ ಬರವಿಲ್ಲ. ದೀಪ ಉರಿಯುತ್ತಲೇ ಇರಬೇಕಲ್ಲವೇ?

ಮೊದಲು ಸೋಲುವುದು ರಾತ್ರಿಯ ದೀಪ. ಭಟ್ಟಿಯಿಳಿಸಿದ ನೀರು ಹಾಕುವವರಿಲ್ಲದೆ ಸೀಸ-ಆಮ್ಲ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಫಲಕ ಮಾತ್ರ ಗಟ್ಟಿ ಜೀವ. ವರ್ಷಕ್ಕೆ ಅದರ ಶಕ್ತಿ ಕುಂದುವುದು ಸುಮಾರು ಅರ್ಧ ಶೇಕಡಾ. ಹಗಲಲ್ಲಿ ಫಲಕಕ್ಕೆ ನೇರವಾಗಿ ಜೋಡಿಸಿದ ಫ್ಯಾನು ಇನ್ನೂ ತಿರುಗುತ್ತಿರಬಹುದು. ಆದರೆ ದೂಳು? ಮರಳಿನ ಕಾಳು ಭಾರ, ನೆಲದ ಬಳಿಯೇ ಕುಪ್ಪಳಿಸುತ್ತ ಸಾಗುತ್ತದೆ. ಮಾಡನ್ನು ಏರುವುದು ಅಪರೂಪ. ನುಣ್ಣನೆಯ ದೂಳು ಹಾಗಲ್ಲ. ಇಲ್ಲಿ ಸಮುದ್ರದ ಮಂಜು ಬೇರೆ ಬೀಳುತ್ತದೆ. ದೂಳು ನೆನೆದು, ಒಣಗಿ, ಗಾಜಿಗೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಫಲಕದ ಕೋಶಗಳದು ಸರಣಿ ಜೋಡಣೆ, ಹತ್ತನೇ ತರಗತಿಯಲ್ಲಿ ಓದಿದ್ದೇ. ಒಂದು ಕೋಶ ಮುಚ್ಚಿದರೂ ಆ ಸಾಲಿನ ವಿದ್ಯುತ್ತಿಗೆ ಅಡ್ಡಿ.

ಇದು ಬರಿಯ ಊಹೆಯೂ ಅಲ್ಲ. ಮನುಷ್ಯನೇ ಇಲ್ಲದ ಮಂಗಳ ಗ್ರಹದ ಮರುಭೂಮಿಯಲ್ಲಿ ಈ ಪರೀಕ್ಷೆ ನಡೆದಿದೆ. 90 ದಿನಕ್ಕೆಂದು ರೂಪಿಸಿದ ಆಪರ್ಚುನಿಟಿ ವಾಹನ 2004ರಿಂದ 2018ರವರೆಗೆ ದುಡಿಯಿತು. ಆಗಾಗ ಗಾಳಿಯೇ ಅದರ ಫಲಕ ಗುಡಿಸುತ್ತಿತ್ತು. ಕೊನೆಗೆ ದೂಳಿನ ಬಿರುಗಾಳಿಯೇ ಬಿಸಿಲು ಮುಚ್ಚಿ ಅದನ್ನು ನಿಲ್ಲಿಸಿತು. ಇನ್‌ಸೈಟ್ ನೌಕೆಗೆ ಆ ಅದೃಷ್ಟ ಅಷ್ಟಿರಲಿಲ್ಲ. ದೂಳು ಕವಿದು 2022ರಲ್ಲಿ, ನಾಲ್ಕೇ ವರ್ಷಕ್ಕೆ, ಮೌನವಾಯಿತು.

ಅಂದಹಾಗೆ, ಕೋಲ್ಮನ್ಸ್‌ಕಾಪ್ ನೋಡಲು ಪರವಾನಗಿ ಬೇಕು, ವಜ್ರದ ನಿಷೇಧಿತ ಪ್ರದೇಶವಲ್ಲವೇ. ಬೆಳಿಗ್ಗೆಯೇ ಹೋಗುವುದು ಲೇಸು. ಮಧ್ಯಾಹ್ನ ಗಾಳಿ ಏಳುತ್ತದೆ, ಮರಳು ಕಣ್ಣಿಗೆ ಹೊಡೆಯುತ್ತದೆ.