ಜಾರುಬಂಡಿಯ ಆಯ್ಕೆ

ಕನ್ನಡದಲ್ಲಿ ‘ಜಾರುಬಂಡೆ’ ಎಂಬ ಮಾತೂ ಇದೆ, ‘ಜಾರುಬಂಡಿ’ ಎಂಬ ಮಾತೂ ಇದೆ. ಮೊದಲನೆಯದು ತಲೆಮಾರುಗಳಿಂದ ಮಕ್ಕಳು ಜಾರಿ ಜಾರಿ ನುಣುಪಾದ ಕಲ್ಲು. ಎರಡನೆಯದು ಗಾಲಿಗಳಿಲ್ಲದೆ ಜಾರುವ ವಾಹನ. ಹಿಮವೇ ಬೀಳದ ನಾಡಿನ ಭಾಷೆ ಈ ವಾಹನಕ್ಕೆ ಇಷ್ಟು ಸರಳವಾದ ಹೆಸರನ್ನು ಕೊಟ್ಟಿರುವುದು ನನಗೆ ಸಂತೋಷದ ಸಂಗತಿ. ಜಾರುವ ಆಸೆಗೆ ಹಿಮವೇ ಬೇಕೆಂದಿಲ್ಲ. ಒಂದು ಇಳಿಜಾರು, ಕುಳಿತುಕೊಳ್ಳಲು ಒಂದು ವಸ್ತು, ಮನೆಯವರ ಕಣ್ಣು ತಪ್ಪಿಸುವಷ್ಟು ಬಿಡುವು ಇದ್ದರೆ ಸಾಕು.

ಕಳೆದ ಚಳಿಗಾಲದಲ್ಲಿ ಟೊರಾಂಟೊದಲ್ಲಿರುವ ನನ್ನ ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಎಂಟು ವರ್ಷದ ಮೊಮ್ಮಗನಿಗೆ ಹಿಮದ ಗುಡ್ಡದಲ್ಲಿ ಜಾರಲು ಬಂಡಿ ಕೊಡಿಸಬೇಕಾಗಿತ್ತು. ಅವನಿಗೆ ತಟ್ಟೆಯಾಕಾರದ ಕೆಂಪು ಪ್ಲಾಸ್ಟಿಕ್ ಬಂಡಿಯೇ ಬೇಕು. ಅಳಿಯಂದಿರು ಗಾಳಿ ತುಂಬಿದ ಟ್ಯೂಬ್ ಒಳ್ಳೆಯದೆನ್ನುತ್ತಾರೆ. ಅಂಗಡಿಯಲ್ಲಿ ಮರದ ಟೊಬಾಗನ್ ಕೂಡ ಇದೆಯಂತೆ. “ಅಪ್ಪಾ, ನೀವು ವಿಜ್ಞಾನದ ಮಾಸ್ತರು, ನೀವೇ ಹೇಳ್ರಿ” ಎಂದಳು. ನಾರಾಯಣಪುರದಲ್ಲಿ ಹುಟ್ಟಿ ಬೆಳೆದು, ಒಂದು ಹಿಡಿ ಹಿಮವನ್ನೂ ಮುಟ್ಟದವನಿಗೆ ಇಂಥ ಪ್ರಶ್ನೆ! ಆದರೆ ಯೋಚಿಸಿದಂತೆಲ್ಲ, ಈ ವಿಷಯದಲ್ಲಿ ನಾನು ತೀರಾ ಅನನುಭವಿಯೇನಲ್ಲ ಎನಿಸಿತು.

ಬಸವಕಲ್ಯಾಣಕ್ಕೆ ಸಮೀಪದ ನಮ್ಮ ಊರನ್ನು ಹೊರಗಿನವರು ಬಲ್ಲುದು ಚಾಲುಕ್ಯರ ಕಾಲದ ಶಿವಾಲಯದಿಂದ. ನಮಗೆ ಮಕ್ಕಳಾಗಿದ್ದಾಗ ಊರ ಹೊರಗಿನ ಮರಡಿಯೇ ದೊಡ್ಡ ಆಕರ್ಷಣೆ. ಕಾರ್ತಿಕ ಕಳೆದು ಹುಲ್ಲು ಒಣಗಿತೆಂದರೆ ಮರಡಿಯ ಒಂದು ಮಗ್ಗುಲು ಎಣ್ಣೆ ಸವರಿದಂತೆ ಜಾರುತ್ತಿತ್ತು. ಅಲ್ಲಿ ಯಾರು ಯಾವುದರ ಮೇಲೆ ಕೂಡಬೇಕೆಂಬುದೇ ದಿನನಿತ್ಯದ ಚರ್ಚೆ. ಬರಿಯ ಚಡ್ಡಿಯ ಮೇಲೆ ಜಾರಿದವನಿಗೆ ಮನೆಯಲ್ಲಿ ಅವ್ವನ ಪೂಜೆ ಖಚಿತ. ಗೋಣಿಚೀಲ ಮೆತ್ತಗಿದ್ದರೂ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಈಚಲ ಗರಿ ಚೆನ್ನಾಗಿ ಓಡುತ್ತಿತ್ತು, ಆದರೆ ಮುಳ್ಳು ತೆಗೆಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. 1972ರ ಬರಗಾಲದಲ್ಲಿ ದೊಡ್ಡವರು ಬರಗಾಲದ ಕಾಮಗಾರಿಗೆ ಮಣ್ಣು ಹೊರಲು ಹೋಗುತ್ತಿದ್ದಾಗ, ಮನೆಗೆ ಬಂದ ಕಬ್ಬಿಣದ ಬುಟ್ಟಿಗಳೂ ಸಂಜೆಯ ಹೊತ್ತು ಮರಡಿಯನ್ನೇರಿದವು. ಬುಟ್ಟಿಯಲ್ಲಿ ಕುಳಿತವನು ಬುಗುರಿಯಂತೆ ತಿರುಗುತ್ತ, ಊರಿಗೆ ಬೆನ್ನು ಮಾಡಿ ಇಳಿಯುತ್ತಿದ್ದ.

ಮುಂದೆ ಧಾರವಾಡದಲ್ಲಿ ಬಿ.ಎಡ್. ಓದುವಾಗ ಶಿರಸಿ ಕಡೆಯ ಸಹಪಾಠಿಯೊಬ್ಬರು ತಮ್ಮ ಊರಿನ ಅಡಿಕೆ ಹಾಳೆಯ ಆಟವನ್ನು ವರ್ಣಿಸಿದ್ದರು. ಹಾಳೆಯ ಅಗಲವಾದ ಬುಡದಲ್ಲಿ ಒಬ್ಬ ಕುಳಿತರೆ, ಗರಿಯ ತುದಿ ಹಿಡಿದು ಇನ್ನೊಬ್ಬ ಎಳೆಯುವುದು. ಇಳಿಜಾರಾದರೆ ಎಳೆಯುವವನೂ ಬೇಡ. ನುಣುಪು, ಹಗುರ, ಬಾಗುವ ಗುಣ, ಮೇಲಕ್ಕೆ ಮಡಿಚಿಕೊಂಡ ಅಂಚು, ಇವೆಲ್ಲ ಇರುವ ಆ ಹಾಳೆಯನ್ನು ನಿಸರ್ಗವೇ ಜಾರಲೆಂದು ಮಾಡಿಕೊಟ್ಟಂತಿದೆ.

ಘರ್ಷಣೆಯ ಪಾಠ ಮಾಡುವಾಗ ನಾನು ಒಂದು ಹಲಗೆಯ ತುದಿಯನ್ನು ನಿಧಾನವಾಗಿ ಎತ್ತುತ್ತ, ಅದರ ಮೇಲಿಟ್ಟ ರಬ್ಬರು, ಮರದ ತುಂಡು, ಸ್ಲೇಟಿನ ಚೂರುಗಳಲ್ಲಿ ಯಾವುದು ಮೊದಲು ಜಾರುತ್ತದೆಂದು ಕೇಳುತ್ತಿದ್ದೆ. ಭಾರವಾದುದೇ ಮೊದಲು ಎಂದು ತರಗತಿಯ ಮುಕ್ಕಾಲು ಪಾಲು ಕೂಗುತ್ತಿತ್ತು. ಮರದ ತುಂಡಿನ ಮೇಲೆ ಇನ್ನೊಂದು ತುಂಡನ್ನಿಟ್ಟು ಭಾರ ಹೆಚ್ಚಿಸಿದರೂ ಅದು ಹೆಚ್ಚುಕಡಿಮೆ ಮೊದಲಿನ ಕೋನದಲ್ಲಿಯೇ ಜಾರುವುದನ್ನು ಕಂಡಾಗ ಅವರ ಮುಖದಲ್ಲಿ ಮೂಡುತ್ತಿದ್ದ ಬೆರಗು ನನಗಿನ್ನೂ ನೆನಪಿದೆ. ಜಾರುವಿಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ಒಂದನ್ನೊಂದು ಮುಟ್ಟುವ ಎರಡು ಮೈಗಳ ಗುಣ.

ಹಿಮದಲ್ಲಿ ಇನ್ನೊಂದು ವಿಶೇಷವಿದೆ. ಜಾರುವಾಗ ಘರ್ಷಣೆಯಿಂದ ಹುಟ್ಟುವ ಶಾಖ ಹಿಮದ ಮೇಲ್ಪದರವನ್ನು ಕರಗಿಸಿ ನೀರಿನ ತೆಳುಪೊರೆಯೊಂದನ್ನು ಉಂಟುಮಾಡುತ್ತದೆ. ಬಂಡಿ ಅದರ ಮೇಲೆ ತೇಲಿದಂತೆ ಸಾಗುತ್ತದೆ. ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲಿಯೇ ಇದನ್ನು ವಿವರಿಸಿದ್ದರು. ಚಳಿ ವಿಪರೀತವಾದಾಗ ಈ ಪೊರೆ ಸರಿಯಾಗಿ ಮೂಡದೆ, ಹಿಮ ಮರಳಿನಂತೆ ಕಚ್ಚಿ ಹಿಡಿಯುತ್ತದೆ.

ಇನ್ನು ಬಂಡಿಗಳ ಮಾತು. ಕಬ್ಬಿಣದ ಪಟ್ಟಿಗಳ ಮೇಲೆ ನಿಂತ ಮರದ ಬಂಡಿಯೊಂದುಂಟು. ಮುಂದಿನ ಅಡ್ಡಪಟ್ಟಿಯನ್ನು ಒತ್ತಿ ತಿರುಗಿಸಬಹುದಾದ ಇಂಥ ಬಂಡಿಗೆ ಅಮೆರಿಕದ ಸ್ಯಾಮ್ಯುಯೆಲ್ ಲೀಡ್ಸ್ ಆಲನ್ 1889ರಲ್ಲಿ ಹಕ್ಕುಪತ್ರ ಪಡೆದರು. ಗಟ್ಟಿಯಾಗಿ ತುಳಿದ ಹಿಮದಲ್ಲಿ ಅದು ಚೆನ್ನಾಗಿ ಓಡುತ್ತದೆ. ಹೊಸದಾಗಿ ಬಿದ್ದ ಮೆತ್ತನೆಯ ಹಿಮದಲ್ಲಿ ಮಾತ್ರ, ಮಳೆಗಾಲದ ಎರೆಹೊಲದಲ್ಲಿ ನಮ್ಮ ಚಕ್ಕಡಿಯ ಗಾಲಿ ಹೂತುಕೊಳ್ಳುವಂತೆಯೇ ಅದರ ಪಟ್ಟಿಗಳೂ ಹೂತುಕೊಳ್ಳುತ್ತವೆ. ಟೊಬಾಗನ್ ಕೆನಡಾದ ಮೂಲನಿವಾಸಿಗಳು ಹಿಮದ ಮೇಲೆ ಸಾಮಾನು ಸಾಗಿಸಲು ಬಳಸುತ್ತಿದ್ದ ಬಂಡಿ; ಅದರ ಹೆಸರೂ ಅವರ ಭಾಷೆಗಳಿಂದಲೇ ಬಂದುದು. ಚಪ್ಪಟೆಯಾದ ತೆಳು ಹಲಗೆಗಳು, ಮುಂದೆ ಮೇಲಕ್ಕೆ ಸುರುಳಿಯಾಗಿ ಬಾಗಿದ ತುದಿ. ಭಾರ ಅಗಲಕ್ಕೆ ಹಂಚಿಹೋಗುವುದರಿಂದ ಅದು ಹೂಳುವುದಿಲ್ಲ. ಪ್ಲಾಸ್ಟಿಕ್ ತಟ್ಟೆಯು ವೇಗದಲ್ಲಿ ಎಲ್ಲವನ್ನೂ ಮೀರಿಸಬಹುದು. ಆದರೆ ನಮ್ಮ ಬುಟ್ಟಿಯಂತೆ ತಿರುಗುತ್ತ ಇಳಿಯುವ ಅದನ್ನು ಬೇಕಾದ ಕಡೆಗೆ ಒಯ್ಯಲಾಗದು. ಟ್ಯೂಬಿನದೂ ಅದೇ ಕಥೆ. ಜೊತೆಗೆ ಉಬ್ಬು ಸಿಕ್ಕಲ್ಲಿ ಪುಟಿಯುತ್ತದೆ.

ಇಷ್ಟನ್ನೂ ಹೇಳಿದ ಮೇಲೆ ಮೊಮ್ಮಗ ಮುಖ ಊದಿಸಿಕೊಂಡ. ತಟ್ಟೆಯೇ ಎಲ್ಲಕ್ಕಿಂತ ಜೋರು ಹೋಗುತ್ತದೆಂದು ನಾನೇ ಒಪ್ಪಿದ್ದೆನಲ್ಲ! ಆಗ ಅವನಿಗೆ ನಮ್ಮ ಮರಡಿಯ ತಗಡಿನ ಕಥೆ ಹೇಳಿದೆ.

ಯಾರೋ ಸೀಮೆಎಣ್ಣೆಯ ಚೌಕ ಡಬ್ಬಿಯನ್ನು ಒಡೆದು ತಟ್ಟಿ ಚಪ್ಪಟೆ ಮಾಡಿದ ತಗಡು ಅದು. ಗೋಣಿ, ಗರಿ, ಬುಟ್ಟಿ ಯಾವುವೂ ಅದಕ್ಕೆ ಸಾಟಿಯಾಗಲಿಲ್ಲ. ಪಾಳಿಗಾಗಿ ಜಗಳಗಳೇ ನಡೆಯುತ್ತಿದ್ದವು. ಮರಡಿಯ ಬುಡದಲ್ಲಿ ಹೊಲದ ಕಲ್ಲೊಡ್ಡು. ಗೋಣಿಯಾದರೆ ಅಲ್ಲಿಗೆ ತಲುಪುವ ಮೊದಲೇ ನಿಲ್ಲುತ್ತಿತ್ತು, ತಗಡು ನಿಲ್ಲಲಿಲ್ಲ. ನನ್ನ ಜೊತೆ ಒಂದೇ ಮಣೆಯ ಮೇಲೆ ಕೂಡುತ್ತಿದ್ದ ಗೆಳೆಯನ ಪಾಳಿ ಅಂದು. ಒಡ್ಡಿಗೆ ಬಡಿದ ತಗಡು ಮಡಚಿಕೊಂಡು ಅದರ ಅಂಚು ಅವನ ಹಿಮ್ಮಡಿಯ ಮೇಲಿನ ನರವನ್ನು ಕತ್ತರಿಸಿತು. ಅರಿಶಿನ ಒತ್ತಿ, ಚಕ್ಕಡಿಯಲ್ಲಿ ಬಸವಕಲ್ಯಾಣಕ್ಕೆ ಒಯ್ದರು. ಗಾಯ ಮಾಯಿತು, ನಡಿಗೆ ಸರಿಯಾಗಲಿಲ್ಲ. ಏಳನೆಯ ತರಗತಿಯ ನಂತರ ದಿನವೂ ನಡೆದು ಹೈಸ್ಕೂಲಿಗೆ ಹೋಗಬೇಕಾಗಿತ್ತು. ಅವನ ಓದು ಅಲ್ಲಿಗೇ ನಿಂತಿತು. ಲೆಕ್ಕದಲ್ಲಿ ಅವನು ನನಗಿಂತ ಜಾಣ. ನಾನು ಮೇಷ್ಟ್ರಾದೆ, ಅವನು ಇಂದಿಗೂ ಊರಿನಲ್ಲಿ ಕಿರಾಣಿ ಅಂಗಡಿಯಿಟ್ಟುಕೊಂಡು, ಉದ್ದನೆಯ ಲೆಕ್ಕಗಳನ್ನು ಬಾಯಲ್ಲಿಯೇ ಕೂಡಿಸುತ್ತಾನೆ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುತ್ಯಾ, ಅವರ ಕಾಲು ಈಗ ಹ್ಯಾಂಗದ?” ಎಂದು ಕೇಳಿದ. ಮರುದಿನ ಅಂಗಡಿಗೆ ಹೋಗಿ ಗೆಳೆಯನಿಗೆ ಈ ಮಾತನ್ನು ತಿಳಿಸಿದೆ. ಅವನು ತಕ್ಕಡಿ ಕೆಳಗಿಟ್ಟು ನಕ್ಕ. “ಮಾಸ್ತರ, ಯಾವುದರ ಮ್ಯಾಲ ಕೂಡ್ತಿ ಅನ್ನೂದು ಆಮ್ಯಾಲ. ಮೊದಲ ಎಲ್ಲಿ ನಿಲ್ತಿ ಅನ್ನೂದು ನೋಡು ಅಂತ ಹೇಳು ಆ ಹುಡುಗಗ” ಎಂದ.

ನನ್ನ ಹಲಗೆಯ ಪ್ರಯೋಗದಲ್ಲಿ ಈ ಮಾತು ಇರಲೇ ಇಲ್ಲ. ವಸ್ತು ಯಾವಾಗ ಜಾರಲು ತೊಡಗುತ್ತದೆಂದು ಅಳೆಯುತ್ತಿದ್ದೆವು. ಎಲ್ಲಿ ನಿಲ್ಲುತ್ತದೆಂದು ಅಳೆಯುತ್ತಿರಲಿಲ್ಲ. ಟೊರಾಂಟೊ ನಗರಾಡಳಿತ ಮಾತ್ರ ಅದನ್ನೇ ನೋಡಿದೆ. ಮರ, ಬೇಲಿ, ರಸ್ತೆಯಂಥ ಅಪಾಯಗಳನ್ನು ಪರಿಗಣಿಸಿ 2024ರ ಜನವರಿಯಲ್ಲಿ 45 ಗುಡ್ಡಗಳಲ್ಲಿ ಜಾರುವುದು ಬೇಡವೆಂದು ಅದು ಫಲಕ ಹಾಕಿಸಿತು. ಮಕ್ಕಳ ಆಟವನ್ನು ಕಸಿದುಕೊಂಡರೆಂದು ಅಲ್ಲಿ ಆಕ್ಷೇಪಗಳೂ ಬಂದವು. ಆಟ ಕಸಿಯುವುದು ನನಗೂ ಇಷ್ಟವಿಲ್ಲ. ಮರಡಿಯಿಲ್ಲದ ಬಾಲ್ಯವನ್ನು ನಾನು ಯಾರಿಗೂ ಬಯಸಲಾರೆ. ಆದರೆ ಕೊನೆಯಲ್ಲಿ ಉದ್ದನೆಯ ಸಮತಟ್ಟು ಬಯಲಿರುವ ಗುಡ್ಡವನ್ನು ಹುಡುಕಿಕೊಡುವುದು ದೊಡ್ಡವರ ಕೆಲಸ.

ಕೊನೆಗೆ ಮಗಳು ಟೊಬಾಗನ್ನನ್ನೇ ಕೊಂಡಳು. ಮಗ ಶಿರಸ್ತ್ರಾಣ ಧರಿಸಿ, ಮುಖ ಮುಂದೆ ಮಾಡಿ ಕುಳಿತೇ ಜಾರಬೇಕು, ತಲೆ ಮುಂದಾಗಿ ಮಲಗಿ ಜಾರಕೂಡದು ಎಂಬುದು ಅವಳು ಹಾಕಿದ ಕಟ್ಟಳೆ. ಹೊಸ ಗುಡ್ಡಕ್ಕೆ ಹೋದಾಗ ಮೊದಲು ತಾಯಿ-ಮಗ ಇಬ್ಬರೂ ಅದರ ಬುಡದವರೆಗೆ ನಡೆದು ನೋಡಿ ಬರುತ್ತಾರಂತೆ. ಆ ನಡಿಗೆಗೆ ಮೊಮ್ಮಗ ನನ್ನ ಗೆಳೆಯನ ಹೆಸರನ್ನೇ ಇಟ್ಟಿದ್ದಾನೆ.