ಪಹಣಿಯಲ್ಲಿದ್ದ ಅಪ್ಪ

ಎರಡು ವರ್ಷದ ಹಿಂದಿನ ಮಾತು. ಬೇಸಿಗೆ ರಜೆಯ ಒಂದು ಸಂಜೆ ಕೋಣನಕುಂಟೆಯ ನಮ್ಮ ಮನೆಯ ತಾರಸಿ ಮೇಲೆ ಪಟಪಟನೆ ಆಲಿಕಲ್ಲು ಬಿದ್ದವು. ಆರನೇ ತರಗತಿಯ ಮೊಮ್ಮಗಳು ಲೋಟ ಹಿಡಿದು ಓಡಿದಳು. ನಾನೂ ಒಂದು ಕಲ್ಲನ್ನು ಬಾಯಿಗೆ ಹಾಕಿಕೊಂಡೆ. ಅದು ಕರಗುವಷ್ಟರಲ್ಲಿ ಊರಿನಿಂದ ತಮ್ಮನ ಫೋನು ಬಂತು.

"ಅಣ್ಣಯ್ಯ, ಟೊಮೆಟೊ ತೋಟ ಹೋಯ್ತು."

ಮಾರನೆಯ ಬೆಳಿಗ್ಗೆ ನಾವಿಬ್ಬರೂ ಕೋಣನಕುಂಟೆ ಕ್ರಾಸಿನಲ್ಲಿ ಕನಕಪುರದ ಬಸ್ಸು ಹತ್ತಿದೆವು. ತೋಟ ನೋಡಿ ಮೊಮ್ಮಗಳಿಗೆ ಮಾತೇ ಹೊರಡಲಿಲ್ಲ. ಗಾಳಿಗೆ ಕಡ್ಡಿಗಳೆಲ್ಲ ಗಿಡದ ಸಮೇತ ಮಲಗಿದ್ದವು. ಎಲೆ ಚಿಂದಿಯಾಗಿತ್ತು. ಕಾಯಿಗಳ ಮೇಲೆ ಕಲ್ಲು ಬಿದ್ದ ಗುರುತು. ಇನ್ನು ಹತ್ತು ದಿನಕ್ಕೆ ಮೊದಲ ಕೊಯ್ಲು ಇತ್ತು.

"ಸರ್ಕಾರ ದುಡ್ಡು ಕೊಡಲ್ವಾ ತಾತ?" ಎಂದಳು.

ಕೊಡುತ್ತದೆ, ಮಕ್ಕಳೇ. ಆಲಿಕಲ್ಲು ಮಳೆ ಸರ್ಕಾರದ ವಿಪತ್ತುಗಳ ಪಟ್ಟಿಯಲ್ಲಿದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಪರಿಹಾರವಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. ಅದೂ 2 ಹೆಕ್ಟೇರಿನವರೆಗೆ ಮಾತ್ರ. ಹಣ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬರುತ್ತದೆ.

ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ನಮ್ಮದು ಒಂದು ಎಕರೆ. ಮೊಮ್ಮಗಳು ಬದುವಿನ ಮೇಲೆ ಕೂತು ಬೆರಳು ಮಡಿಸಿದಳು. "ಏಳು ಸಾವಿರವೂ ಇಲ್ಲ ತಾತ!"

ತಮ್ಮ ನಕ್ಕ. "ಅದು ನಷ್ಟ ತುಂಬೋ ದುಡ್ಡಲ್ಲ ಮಗ. ಮತ್ತೆ ನಾಟಿ ಮಾಡೋಕೆ ಒಂದು ಆಸರೆ."

ಆ ಆಸರೆಯೂ ನಮಗೆ ಸಿಗಲಿಲ್ಲ. ಕಾರಣ ಕಂಡುಹಿಡಿದವಳು ಮೊಮ್ಮಗಳೇ. ಅರ್ಜಿಗೆಂದು ತೆಗೆಸಿದ ಪಹಣಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. 9ನೇ ಕಲಂನಲ್ಲಿ ಮಾಲೀಕರ ಹೆಸರು ಇರುತ್ತದೆ.

"ತಾತ, ಇದು ಯಾರ ಹೆಸರು?"

"ನಮ್ಮಪ್ಪನದು ಕಣಮ್ಮ."

"ಮುತ್ತಾತ ಇಲ್ವಲ್ಲ! ದುಡ್ಡು ಯಾರ ಖಾತೆಗೆ ಬರುತ್ತೆ?"

ಜಗುಲಿ ಮೇಲೆ ಯಾರೂ ಮಾತಾಡಲಿಲ್ಲ. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ತೀರಿಕೊಂಡವರ ಹೆಸರಿಗೆ ಆಧಾರ್ ಜೋಡಣೆ ಎಲ್ಲಿಂದ ಬರಬೇಕು? ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಬೇಕಿತ್ತು. ತಮ್ಮ ಮೂರು ಸಲ ನನ್ನನ್ನು ಕರೆದಿದ್ದ. "ಬೆಂಗಳೂರಲ್ಲಿ ಕೆಲಸ ಇದೆ, ಹಬ್ಬಕ್ಕೆ ಬಂದಾಗ ಸಹಿ ಹಾಕ್ತೀನಿ" ಎಂದವನು ನಾನು. ಹಬ್ಬಕ್ಕೆ ಬಂದೆ, ಒಬ್ಬಟ್ಟು ತಿಂದೆ, ಹೊರಟೆ. ಆಲಿಕಲ್ಲು ಬೆಳೆಯನ್ನು ಹಾಳು ಮಾಡಿತು. ಪರಿಹಾರ ತಪ್ಪಿಸಿದ್ದು ನನ್ನ ಸೋಮಾರಿತನ.

ತಮ್ಮ ಒಂದು ಮಾತೂ ಆಡಲಿಲ್ಲ. "ಬಿಡಣ್ಣಯ್ಯ, ಈಗ ಮಾಡ್ಸೋಣ" ಎಂದ, ಅಷ್ಟೆ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪಕ್ಕದ ಹೊಲದವರಿಗೆ ಹಣ ಬಂತು. ನಮ್ಮ ತಮ್ಮ ಕೈಸಾಲ ಮಾಡಿ ಮತ್ತೆ ನಾಟಿ ಮಾಡಿದ. ನಾನು ಕೊಡಲು ಹೋದರೆ, "ದುಡ್ಡು ಬೇಡ, ಬಂದು ಸಹಿ ಹಾಕು" ಎಂದ. ಅಕ್ಕತಂಗಿಯರನ್ನೂ ಕರೆದುಕೊಂಡು ನಾಡಕಚೇರಿಗೆ ಹೋದೆ. ದೀಪಾವಳಿಯ ಹೊತ್ತಿಗೆ ಪಹಣಿಯಲ್ಲಿ ನಮ್ಮ ಹೆಸರು ಬಂತು. ಅಪ್ಪನ ಹೆಸರಿದ್ದ ಹಳೆಯ ಪಹಣಿಯನ್ನು ಮೊಮ್ಮಗಳು ತನ್ನ ಪುಸ್ತಕದಲ್ಲಿ ಜೋಪಾನ ಮಾಡಿದ್ದಾಳೆ.

ಮಕ್ಕಳೇ, ಈ ಸಲ ಊರಿಗೆ ಹೋದಾಗ ಪಹಣಿ ಕೇಳಿ ಓದಿ. ಮುತ್ತಾತನ ಹೆಸರಿದ್ದರೆ ನಿಮ್ಮ ತಾತನಿಗೆ ಹೇಳಿ. ನನ್ನ ವಯಸ್ಸಿನವರೇ, ಮೊಮ್ಮಕ್ಕಳು ಕೇಳುವವರೆಗೆ ಕಾಯಬೇಡಿ. ಮುಂದಿನ ಆಲಿಕಲ್ಲು ಮಳೆ ನಮ್ಮ ಸಹಿಗೆ ಕಾಯುವುದಿಲ್ಲ.