ಬಿಟ್ಟ ಸ್ಥಳ ತುಂಬಿರಿ

‘ಕೆಳಗಿನ ಗದ್ಯಭಾಗವನ್ನು ಓದಿಕೊಂಡು ಪ್ರಶ್ನೆಗಳಿಗೆ ಉತ್ತರಿಸಿರಿ’ ಎಂಬ ಸಾಲು ಕಂಡರೆ ನನಗೆ ಈಗಲೂ ಹುರುಪು ಬರುತ್ತದೆ. ಪರೀಕ್ಷೆಯಲ್ಲಿ ಬಹಳ ಮಂದಿ ಕೊನೆಗೆ ಇಟ್ಟುಕೊಳ್ಳುತ್ತಿದ್ದ ಆ ಪ್ರಶ್ನೆಯನ್ನೇ ನಾನು ಮೊದಲು ಬರೆಯುತ್ತಿದ್ದೆ. ಬಾಯಿಪಾಠ ಮಾಡಿದ್ದು ಯಾವುದೂ ಅಲ್ಲಿ ನಡೆಯುವುದಿಲ್ಲ. ಹಾಳೆಯ ಮೇಲೆ ಏನಿದೆಯೋ ಅಷ್ಟೇ ಬಂಡವಾಳ, ಮಿಕ್ಕದ್ದು ನಮ್ಮ ತಲೆ. ಇಂಗ್ಲಿಷ್ ಕಲಿಸುವುದೇ ಕಸುಬಾಗಿ, ಹೈದರಾಬಾದಿನ ಕಾಚಿಗುಡದಲ್ಲಿ ನೆಲೆ ನಿಂತ ಮೇಲೆ ಆ ಪ್ರೀತಿ ಇನ್ನೊಂದು ದಾರಿ ಹಿಡಿಯಿತು. ಈಗ ಸಂಜೆಹೊತ್ತು ತೈವಾನಿನ, ಮಲೇಷ್ಯಾದ ಚೀನೀ ಮನೆಮಾತಿನ ವಿದ್ಯಾರ್ಥಿಗಳ ಜೊತೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಓದುತ್ತೇನೆ. ನಮ್ಮಲ್ಲಿ ಏಳು ಗಂಟೆಯಾದರೆ ಅವರಲ್ಲಿ ಒಂಬತ್ತೂವರೆ. ಊಟ ಮುಗಿಸಿ, ಪೆನ್ಸಿಲ್ ಹಿಡಿದು ಕೂತಿರುತ್ತಾರೆ. ‘ಲಾವ್‌ಶಿ’ ಎಂದು ಕರೆಯುತ್ತಾರೆ, ಗುರುಗಳೇ ಅಂದ ಹಾಗೆ.

ಕೆಲಸ ಶುರುವಾಗುವುದು ಗದ್ಯಭಾಗ ಹುಡುಕುವುದರಿಂದ. ಭಾನುವಾರ ಅಬಿಡ್ಸಿನ ಅಂಗಡಿಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡುತ್ತಾರಲ್ಲ, ಅಲ್ಲಿ ನನಗೆ ಬೇಕಾದ್ದು ಸಿಗುತ್ತದೆ: ಯಾರದೋ ಶಾಲೆಯ ಇಂಗ್ಲಿಷ್ ರೀಡರು, ರಟ್ಟು ಕಿತ್ತ ಪ್ರವಾಸಕಥನ, ಹಳೇ ವಿಜ್ಞಾನ ಪತ್ರಿಕೆ. ಪುಟ ತಿರುವುತ್ತಾ ಇಲ್ಲಿ ಏನಾದರೂ ನಡೆಯುತ್ತಿದೆಯೇ ಎಂದು ನೋಡುತ್ತೇನೆ. ಬರೀ ಮಾಹಿತಿ ತುಂಬಿದ ಪುಟದಿಂದ ಬರೀ ಮಾಹಿತಿಯ ಪ್ರಶ್ನೆ ಹುಟ್ಟುತ್ತದೆ. ಒಂದು ಸಂಗತಿ ನಡೆದು, ಅದರ ಕಾರಣವನ್ನು ಬರೆದವರು ಅರ್ಧ ಹೇಳಿ ಅರ್ಧ ಬಿಟ್ಟಿದ್ದರೆ ಆ ಪುಟಕ್ಕೆ ಗುರುತು ಇಡುತ್ತೇನೆ.

ಸಿಗದಿದ್ದರೆ ನಾನೇ ಬರೆಯುತ್ತೇನೆ. ನನಗೆ ಅಚ್ಚುಮೆಚ್ಚಿನದು ಹುಣಸೆಮರದ ಗದ್ಯಭಾಗ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿಗೆ ನುಗ್ಗಿತು. ಸಾವಿರಾರು ಜನ ಸತ್ತರು. ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರೆಂದು ಊರಿನವರು ಹೇಳುತ್ತಾರೆ. ಮರುವರ್ಷ ನಿಜಾಮರ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಯೋಜನೆಯಿಂದ ಊರಿನ ಮೇಲ್ಗಡೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳಾದವು. ಇಷ್ಟನ್ನು ಸುಲಭ ಇಂಗ್ಲಿಷಿನಲ್ಲಿ ಒಂದು ಪುಟಕ್ಕೆ ಇಳಿಸಿದ್ದೇನೆ. ಎರಡು ಮೂರು ಕಡೆ ಮಾತ್ರ ಅವರಿಗೆ ಗೊತ್ತಿರಲಾರದ ಪದ ಇಟ್ಟಿದ್ದೇನೆ. ಮರದ ಮೇಲಿದ್ದವರು ಕೊಂಬೆಗಳಿಗೆ ‘ಕ್ಲಂಗ್’ ಎಂಬಲ್ಲಿ ಅಂಥ ಒಂದು ಪದವಿದೆ. ಸುತ್ತ ಕತ್ತಲೆ ಇದೆ, ಕೆಳಗೆ ನೀರಿದೆ, ಕೈಗೆ ಕೊಂಬೆ ಇದೆ, ಕೈಬಿಟ್ಟರೆ ಗತಿಯಿಲ್ಲ. ತೈನಾನಿನ ಹುಡುಗಿಯೊಬ್ಬಳು ಅಲ್ಲಿಗೆ ಬಂದು ನಿಂತಳು. ಒಂದು ಕ್ಷಣ ಸುಮ್ಮನಿದ್ದು, ಎರಡೂ ಕೈಯಲ್ಲಿ ಗಾಳಿಯನ್ನೇ ಅವಚಿ ಹಿಡಿದು ತೋರಿಸಿದಳು. ನಿಘಂಟು ತೆರೆಯಲಿಲ್ಲ. ಈ ಹವ್ಯಾಸಕ್ಕೆ ನಾನು ಕೊಟ್ಟ ಹೊತ್ತೆಲ್ಲ ಇಂಥ ಕ್ಷಣಕ್ಕಾಗಿ.

ಗದ್ಯ ಸಿದ್ಧವಾದ ಮೇಲೆ ಪ್ರಶ್ನೆಗಳ ಸರದಿ. ‘ವಿಶ್ವೇಶ್ವರಯ್ಯನವರು ಯಾವಾಗ ಬಂದರು?’ ಎಂದು ಕೇಳಿದರೆ ಕಣ್ಣು ಓಡಿಸಿ ಇಸವಿ ಹುಡುಕಿ ಬರೆದುಬಿಡುತ್ತಾರೆ. ಅದು ಓದಲ್ಲ. ‘ಜಲಾಶಯಗಳನ್ನು ಊರಿನ ಕೆಳಗಡೆ ಕಟ್ಟಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದಾಗ ಗದ್ಯಕ್ಕೆ ಮತ್ತೆ ಇಳಿಯಬೇಕಾಗುತ್ತದೆ. ಉತ್ತರ ಅಲ್ಲಿ ಬರೆದಿಲ್ಲ, ಆದರೆ ಅಲ್ಲಿಂದಲೇ ಹೊರಡಬೇಕು. ಇನ್ನೂ ಕಷ್ಟದ್ದು, ಸರಿಯುತ್ತರ ಆರಿಸುವ ಪ್ರಶ್ನೆಗಳಿಗೆ ತಪ್ಪು ಆಯ್ಕೆಗಳನ್ನು ಹೊಸೆಯುವುದು. ನೋಡಿದ ಕೂಡಲೇ ತಪ್ಪೆಂದು ಕಾಣುವ ಆಯ್ಕೆ ಇದ್ದೂ ಇಲ್ಲದಂತೆ. ಲೋಕದಲ್ಲಿ ನಿಜವಾಗಿರಬಹುದಾದ, ಈ ಗದ್ಯದ ಮಟ್ಟಿಗೆ ಮಾತ್ರ ತಪ್ಪಾದ ಆಯ್ಕೆ ಬೇಕು. ಅಂಥ ಮೂರು ತಪ್ಪು ಹೊಳೆಯಲು ಒಮ್ಮೊಮ್ಮೆ ಇಡೀ ಮಧ್ಯಾಹ್ನ ಹೋಗುತ್ತದೆ. ಆ ಮಧ್ಯಾಹ್ನಗಳನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಪ್ರಶ್ನೆಗಳಲ್ಲಿ ಇನ್ನೂ ಬಗೆಗಳಿವೆ. ಚೀನಾದ ‘ಗಾವ್‌ಕಾವ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ಅದರಲ್ಲಿ ನನಗೆ ಬಹಳ ಹಿಡಿಸಿದ ಬಗೆ ಒಂದಿದೆ: ‘ಏಳರಲ್ಲಿ ಐದು’. ಗದ್ಯದಿಂದ ಐದು ವಾಕ್ಯ ತೆಗೆದು ಜಾಗ ಖಾಲಿ ಬಿಟ್ಟಿರುತ್ತಾರೆ. ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ. ಐದನ್ನು ಅದರದರ ಜಾಗದಲ್ಲಿ ಕೂರಿಸಬೇಕು, ಎರಡು ಹೊರಗೇ ಉಳಿಯಬೇಕು. ನಮ್ಮ ಶಾಲೆಯ ‘ಬಿಟ್ಟ ಸ್ಥಳ ತುಂಬಿರಿ’ ಒಂದು ಪದಕ್ಕೆ ಮುಗಿಯುತ್ತಿತ್ತು. ಇಲ್ಲಿ ಒಂದು ವಾಕ್ಯ ಹಿಂದಿನ ವಾಕ್ಯಕ್ಕೆ ಏನು ಋಣಿ, ಮುಂದಿನದಕ್ಕೆ ಏನು ಕೊಡುತ್ತದೆ ಎಂದು ನೋಡಬೇಕು. ‘ಅವರು’ ಎಂದಿದ್ದರೆ ಯಾರು? ‘ಆದರೆ’ ಎಂದಿದ್ದರೆ ಯಾವುದಕ್ಕೆ ಎದುರು? ಗದ್ಯದ ಹೆಣಿಗೆ ಬೆರಳಿಗೆ ಸಿಗುವುದು ಆಗ. ಪದವೊಂದನ್ನು ಬಿಟ್ಟು ತುಂಬಿಸುವ ‘ಕ್ಲೋಜ್’ ಪರೀಕ್ಷೆಯನ್ನು 1953ರಲ್ಲಿ ವಿಲ್ಸನ್ ಟೇಲರ್ ಮುಂದಿಟ್ಟದ್ದು ಒಂದು ಬರಹ ಓದಲು ಎಷ್ಟು ಸುಲಭ ಎಂದು ಅಳೆಯುವುದಕ್ಕೆ. ಅಳತೆಗೋಲಾಗಿ ಬಂದದ್ದು ಕಲಿಕೆಯ ಆಟವಾಗಿ ಉಳಿದದ್ದು ನನಗೆ ಸಂತೋಷ.

ಕನ್ನಡದವರು ಚೀನೀ ಮಾತಿನವರಿಗೆ ಇಂಗ್ಲಿಷ್ ಕಲಿಸುವುದೇನು ಎಂದು ಕೇಳುವವರಿದ್ದಾರೆ. ನಾವೇ ಕಲಿಸಬೇಕು ಅನ್ನುತ್ತೇನೆ ನಾನು. ‘1908ರಲ್ಲಿ ಹತ್ತಿದವರನ್ನು ಉಳಿಸಿದ ಮರ’ ಎಂದು ನಾವು ಹೇಳುತ್ತೇವೆ. ಎಲ್ಲ ವಿವರ ಮೊದಲು ಬಂದು ಮರ ಕೊನೆಗೆ ನಿಲ್ಲುತ್ತದೆ. ಚೀನೀ ಭಾಷೆಯಲ್ಲೂ ಅದೇ ಕ್ರಮ. ಇಂಗ್ಲಿಷಿನಲ್ಲಿ ಮರ ಮುಂದೆ ನಿಂತು, ವಿವರ ಅದರ ಹಿಂದೆ ‘ದಟ್’, ‘ಹೂ’, ‘ವಿಚ್’ ಹಿಡಿದುಕೊಂಡು ಸಾಲಾಗಿ ಬರುತ್ತದೆ. ಉದ್ದದ ವಾಕ್ಯದಲ್ಲಿ ಅವರು ದಾರಿ ತಪ್ಪುವುದು ಅಲ್ಲೇ, ನಮ್ಮ ಹಳ್ಳಿಯ ಮಕ್ಕಳೂ ತಪ್ಪುವುದು ಅಲ್ಲೇ. ‘ಚಹಾ ಬೇಡವಾ?’ ಎಂದರೆ ನಾವು ‘ಹೌದು, ಬೇಡ’ ಅನ್ನುತ್ತೇವೆ, ಅವರೂ ಹಾಗೇ ಅನ್ನುತ್ತಾರೆ. ಇಂಗ್ಲಿಷಿನವರು ‘ನೋ’ ಅನ್ನುತ್ತಾರೆ. ‘ಎ’, ‘ದ’ ಎಂಬ ಎರಡು ಪುಟ್ಟ ಪದಗಳು ಅವರ ಮನೆಯಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ಹಾಗಾಗಿ ನನ್ನ ಕೆಲಸ ಸಲೀಸು. ‘ದಟ್’ ಕಂಡಲ್ಲಿ ಪೆನ್ಸಿಲಿನಿಂದ ಕಂಸ ತೆರೆ, ವಿವರ ಮುಗಿದಲ್ಲಿ ಮುಚ್ಚು, ಕಂಸ ಬಿಟ್ಟು ಒಮ್ಮೆ ಓದು, ಆಮೇಲೆ ಕಂಸದೊಳಗೆ ಹೋಗು ಅನ್ನುತ್ತೇನೆ. ಕೆಲವು ವಾರದಲ್ಲಿ ಪೆನ್ಸಿಲ್ ಕೆಳಗಿಟ್ಟು ಓದುತ್ತಾರೆ. ಕಾಲದ ರೂಪಗಳಲ್ಲಿ ಮಾತ್ರ ಅವರ ಕಷ್ಟ ನಮಗಿಂತ ಹೆಚ್ಚು. ಚೀನೀ ಕ್ರಿಯಾಪದ ನಿನ್ನೆಗೂ ನಾಳೆಗೂ ರೂಪ ಬದಲಿಸುವುದಿಲ್ಲ.

ಪದಗಳ ವಿಷಯದಲ್ಲಿ ಅವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ತೈವಾನಿನ ಪ್ರೌಢಶಾಲೆಯ ಮಕ್ಕಳಿಗೆ 2002ರಲ್ಲಿ ಮಾಡಿದ ಪಟ್ಟಿಯಲ್ಲಿ 6480 ಪದಗಳಿದ್ದವು. ಆರು ಹಂತ, ಹಂತಕ್ಕೆ 1080. ಸಾವಿರಾರು ಚೀನೀ ಅಕ್ಷರಗಳನ್ನು ತಿದ್ದಿ ತಿದ್ದಿ ಕಲಿತ ಕೈಗೆ ಇದು ಹೊಸದಲ್ಲ. ಆದರೆ ಪಟ್ಟಿಯ ಪದ ಒಂಟಿ; ಅದು ಓದಿನಲ್ಲಿ ಮತ್ತೆ ಮತ್ತೆ ಎದುರಾಗಬೇಕು. ಢಾಕಾದಲ್ಲಿ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ಮೈಕಲ್ ವೆಸ್ಟ್ 1920ರ ದಶಕದಲ್ಲೇ ಇದನ್ನು ಕಂಡಿದ್ದರು. ಬಂಗಾಳದ ಹುಡುಗರ ರೀಡರುಗಳಲ್ಲಿ ಹೊಸ ಪದಗಳು ಒತ್ತೊತ್ತಾಗಿ ಬಂದು ಓದು ನಿಂತೇಹೋಗುತ್ತದೆಂದು, ಪದಗಳನ್ನು ವಿರಳವಾಗಿ ಹರಡಿ, ಮತ್ತೆ ಮತ್ತೆ ಸಿಗುವಂತೆ ಪಾಠ ಬರೆದರು. ಹೂ ಮತ್ತು ಪಾಲ್ ನೇಷನ್ ಎಂಬ ಇಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಕಥೆ ಅರ್ಥವಾಗಲು ಅದರ ನೂರಕ್ಕೆ 98ರಷ್ಟು ಪದ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಹೊಸದು. ನನ್ನ ಗದ್ಯಭಾಗಗಳನ್ನು ನಾನು ಈ ಲೆಕ್ಕದಲ್ಲೇ ಜರಡಿ ಹಿಡಿಯುತ್ತೇನೆ. ಕಾರ್ಡು ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಕಾರ್ಡಿನ ಮೇಲೆ ಪದ ಮಾತ್ರ ಬೇಡ, ಅದು ಸಿಕ್ಕ ವಾಕ್ಯವೂ ಇರಲಿ. ‘ಕ್ಲಂಗ್’ ಎಂಬ ಕಾರ್ಡಿನಲ್ಲಿ ಹುಣಸೆಮರ ಇರಲೇಬೇಕು.

ಇನ್ನೊಂದು ಪಾಠ ನನಗೆ ಬೆಂಗಳೂರಿನಿಂದ ಬಂತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಇಂಗ್ಲಿಷ್ ಬೋಧನೆಯ ಪ್ರಯೋಗದಲ್ಲಿ ಮಕ್ಕಳಿಗೆ ವ್ಯಾಕರಣ ಹೇಳದೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕಾಚಾರ ಮಾಡಿಸುತ್ತಿದ್ದರು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಅವರು ಆಮೇಲೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ನಾನೂ ಸಂಜೆ ಕಾಚಿಗುಡ ಬಿಡುವ ಬೆಂಗಳೂರಿನ ರೈಲಿನ ವೇಳಾಪಟ್ಟಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಕರ್ನೂಲಿನಲ್ಲಿ ಇಳಿಯುವವರು ಎಷ್ಟು ಹೊತ್ತಿಗೆ ಎಚ್ಚರವಿರಬೇಕು ಎಂದು ಕೇಳುತ್ತೇನೆ.

ಹೈದರಾಬಾದಿಗೂ ಈ ಕೆಲಸಕ್ಕೂ ಕನ್ನಡದವರ ನಂಟು ಹಳೆಯದು. ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಮರುವರ್ಷ ಅದರ ನಿರ್ದೇಶಕರಾಗಿ ಬಂದವರು ವಿನಾಯಕ ಕೃಷ್ಣ ಗೋಕಾಕರು. ಕನ್ನಡದ ಕವಿ ಇಲ್ಲಿ ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವ ಬಗೆಯನ್ನು ಯೋಚಿಸುತ್ತಿದ್ದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಮುಂದೆ ವರದಿ ಕೊಟ್ಟವರೂ ಅವರೇ. ಎರಡಕ್ಕೂ ಒಬ್ಬರ ಎದೆಯಲ್ಲಿ ಜಾಗವಿತ್ತು ಎಂಬುದು ನನಗೆ ದೊಡ್ಡ ಧೈರ್ಯ. ಆ ಸಂಸ್ಥೆಗೆ 1972ರಲ್ಲಿ ವಿದೇಶಿ ಭಾಷೆಗಳೂ ಸೇರಿದವು. ಈಗ ಅದು ಕೇಂದ್ರೀಯ ವಿಶ್ವವಿದ್ಯಾಲಯ. ತಾರ್ನಾಕದ ಕಡೆ ಹೋದಾಗಲೆಲ್ಲ ಅದರ ಗೇಟಿನತ್ತ ಒಮ್ಮೆ ನೋಡುತ್ತೇನೆ.

ಮುಂದಿನ ವಾರದ ‘ಏಳರಲ್ಲಿ ಐದು’ ಪಾಠಕ್ಕೆ ಸಾಲಾರ್‌ಜಂಗ್ ಮ್ಯೂಸಿಯಮ್ಮಿನ ಗಡಿಯಾರದ ಗದ್ಯಭಾಗ ತಯಾರಾಗುತ್ತಿದೆ. ಗಂಟೆಯಾಗುತ್ತಿದ್ದಂತೆ ಒಳಗಿನಿಂದ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು, ಎಷ್ಟು ಗಂಟೆಯೋ ಅಷ್ಟು ಸಲ ಬಾರಿಸಿ ಒಳಗೆ ಹೋಗುತ್ತದೆ. ಅದನ್ನು ನೋಡಲು ಜನ ಮೊದಲೇ ಸೇರಿರುತ್ತಾರೆ. ಗೊಂಬೆ ಬರುವ ವಾಕ್ಯವನ್ನು ತೆಗೆಯಲೇ, ಜನ ಸೇರುವ ವಾಕ್ಯವನ್ನು ತೆಗೆಯಲೇ ಎಂದು ನಿನ್ನೆಯಿಂದ ತೂಗುತ್ತಿದ್ದೆ. ಜನ ಸೇರುವುದನ್ನೇ ತೆಗೆಯುತ್ತೇನೆ. ಮುಂದಿನ ವಾಕ್ಯ ‘ದೇ’ ಎಂದು ಶುರುವಾಗುತ್ತದೆ. ಯಾರು ‘ದೇ’ ಎಂದು ವಿದ್ಯಾರ್ಥಿಗಳೇ ಹುಡುಕಲಿ.